ಶಾಂತಿ, ನ್ಯಾಯದ ದಿನಗಳ ಕ್ಯಾಲೆಂಡರ್: ನಮ್ಮ ಕಾಸರಗೋಡಿನ ಯಾವ ದಿನ ಹಾಕೋಣ?

ನೀರ್ಚಾಲಿನವಳು:
ಎಲ್ಲರಿಗೂ ನಮಸ್ಕಾರ. ನಮ್ಮ ಊರಿನ ಗ್ರಂಥಾಲಯದವರು ಸೇರಿ ಬರುವ ವರ್ಷಕ್ಕೆ ಒಂದು ಗೋಡೆ ಕ್ಯಾಲೆಂಡರ್ ಮಾಡುತ್ತಿದ್ದೇವೆ. ಏಕಾದಶಿ, ಸಂಕ್ರಮಣ, ರಜೆ ತೋರಿಸುವ ಕ್ಯಾಲೆಂಡರ್ ಎಲ್ಲರ ಮನೆಯಲ್ಲೂ ಇದೆ. ಇದರಲ್ಲಿ ಜನ ಶಾಂತಿಗಾಗಿ, ಸಮಾನತೆಗಾಗಿ ಎದ್ದು ನಿಂತ ದಿನಗಳು ಮಾತ್ರ ಇರುತ್ತವೆ.

ಸದಸ್ಯರೊಬ್ಬರು ಒಂದು ಪಟ್ಟಿ ತಂದು ಕೊಟ್ಟರು. ಆಗಸ್ಟ್ 6 ಹಿರೋಶಿಮಾ (1945). ಡಿಸೆಂಬರ್ 1 ಅಮೆರಿಕಾದ ಕರಿಯ ಹೆಂಗಸು ರೋಸಾ ಪಾರ್ಕ್ಸ್ ಬಸ್ಸಿನಲ್ಲಿ ಬಿಳಿಯರಿಗೆ ಸೀಟು ಬಿಡದೆ ಕೂತದ್ದು (1955). ಮಾರ್ಚ್ 21 ದಕ್ಷಿಣ ಆಫ್ರಿಕಾದ ಶಾರ್ಪ್‌ವಿಲ್‌ನಲ್ಲಿ ಪೊಲೀಸರು 69 ಜನರನ್ನು ಗುಂಡಿಕ್ಕಿ ಕೊಂದದ್ದು (1960). ಡಿಸೆಂಬರ್ 10 ಮಾನವ ಹಕ್ಕುಗಳ ದಿನ. ಸೆಪ್ಟೆಂಬರ್ 21 ವಿಶ್ವಶಾಂತಿ ದಿನ. ಎಲ್ಲವೂ ಬೇಕು, ಒಂದನ್ನೂ ಬಿಡುವುದಿಲ್ಲ.

ಆದರೆ ಇಡೀ ಪಟ್ಟಿಯಲ್ಲಿ ಚಂದ್ರಗಿರಿ ಹೊಳೆಯ ಆಚೆ ಈಚೆ ನಡೆದದ್ದು ಒಂದೂ ಇಲ್ಲ. ನಮ್ಮ ಮಕ್ಕಳು ಇದನ್ನು ನೋಡಿ, ಅನ್ಯಾಯವೂ ಹೋರಾಟವೂ ಎಲ್ಲೋ ದೂರದ ಊರಿನ ಸಂಗತಿ ಅಂದುಕೊಳ್ಳುತ್ತಾರೆ ಅಲ್ವಾ? ನಮ್ಮದು ಯಾವುದು ಹಾಕೋಣ? ತಾರೀಕು ಖಚಿತವಾಗಿರಬೇಕು. ಏಳನೇ ಕ್ಲಾಸಿನ ಮಗುವಿಗೆ ಅರ್ಥವಾಗುವಂತೆ ಎರಡು ಸಾಲಿನಲ್ಲಿ ಹೇಳಲು ಆಗಬೇಕು. ಅಷ್ಟೇ ಷರತ್ತು.

ಮಂಜೇಶ್ವರ ಮಾಷ್ಟ್ರು:
ಜನವರಿ 30, 1928. ಕುದ್ಮುಲ್ ರಂಗರಾಯರು ತೀರಿಕೊಂಡ ದಿನ. ಇದಕ್ಕಿಂತ ಮೊದಲು ಹಾಕಬೇಕಾದ ಇನ್ನೊಂದು ದಿನ ನನಗೆ ಕಾಣುವುದಿಲ್ಲ.

ಮಂಗಳೂರಿನವರು ರಂಗರಾಯರನ್ನು ತಮ್ಮವರು ಅನ್ನುತ್ತಾರೆ. ಅಲ್ಲಿನ ಪುರಭವನಕ್ಕೆ ಅವರದೇ ಹೆಸರು. ಹುಟ್ಟಿದ್ದು ಮಾತ್ರ ನಮ್ಮ ಕಾಸರಗೋಡಿನ ಕುದ್ಮುಲ್‌ನಲ್ಲಿ, 1859ರಲ್ಲಿ. ಬಡ ಸಾರಸ್ವತ ಬ್ರಾಹ್ಮಣರ ಮನೆ. ಮಂಗಳೂರಿಗೆ ಹೋಗಿ ಮಾಷ್ಟ್ರಾದರು, ಆಮೇಲೆ ವಕೀಲರಾದರು. 1892ರಲ್ಲಿ ಉರ್ವ ಚಿಲಿಂಬಿಯಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದರು. 1897ರಲ್ಲಿ ದಲಿತರ ಏಳಿಗೆಗೆಂದು ಡಿಪ್ರೆಸ್ಡ್ ಕ್ಲಾಸಸ್ ಮಿಶನ್ ಕಟ್ಟಿದರು. ಸ್ವಂತ ಜಾತಿಯವರು ಬಹಿಷ್ಕಾರ ಹಾಕಿದರು. ಅವರು ನಿಲ್ಲಿಸಲಿಲ್ಲ. ಶಾಲೆಗೆ ಬಂದ ಮಕ್ಕಳಿಗೆ ಮಧ್ಯಾಹ್ನ ಊಟ ಹಾಕಿದರು. ಹಸಿದ ಮಗು ಅ ಆ ಇ ಈ ಕಲಿಯುವುದಿಲ್ಲ ಎಂದು ಅಂದೇ ತಿಳಿದ ಮನುಷ್ಯ.

ಮಗಳು ರಾಧಾಬಾಯಿ ಚಿಕ್ಕ ವಯಸ್ಸಿನಲ್ಲೇ ವಿಧವೆಯಾದಾಗ ಮರುಮದುವೆ ಮಾಡಿಸಿದರು, ಅದೂ ಬೇರೆ ಜಾತಿಯ ಹುಡುಗನ ಜೊತೆ. ಅಳಿಯ ಪಿ. ಸುಬ್ಬರಾಯನ್ ಮುಂದೆ ಮದ್ರಾಸಿನ ಮುಖ್ಯಮಂತ್ರಿಯಾದರು. ರಾಧಾಬಾಯಿ 1930ರಲ್ಲಿ ಲಂಡನ್ನಿನ ದುಂಡುಮೇಜಿನ ಸಭೆಗೆ ಹೋದ ಇಬ್ಬರು ಹೆಂಗಸರಲ್ಲಿ ಒಬ್ಬರು. ಊರಲ್ಲಿ ಹೇಳಿದ್ದನ್ನು ಸ್ವಂತ ಮನೆಯಲ್ಲೂ ಮಾಡಿದವರು ಆ ಕಾಲದಲ್ಲಿ ಎಷ್ಟು ಜನ ಇದ್ದರು?

ಕುಂಬಳೆ ಕಡಲು:
ಮಾಷ್ಟ್ರೇ, ಜನವರಿ 30 ಗಾಂಧೀಜಿಯವರ ದಿನ. ಅದೇ ಚೌಕದಲ್ಲಿ ಇನ್ನೊಬ್ಬರನ್ನು ಹಾಕಿದರೆ ಜನ ಏನಂದುಕೊಳ್ಳುತ್ತಾರೆ?

ಮಂಜೇಶ್ವರ ಮಾಷ್ಟ್ರು:
ಇಬ್ಬರನ್ನೂ ಹಾಕಿ. ಒಬ್ಬರು ಹೋದದ್ದು 1928, ಇನ್ನೊಬ್ಬರು 1948. ಸರಿಯಾಗಿ ಇಪ್ಪತ್ತು ವರ್ಷದ ಅಂತರ. ಆ ಚೌಕವನ್ನು ಸ್ವಲ್ಪ ದೊಡ್ಡದು ಮಾಡಿದರಾಯಿತು. 2028ಕ್ಕೆ ರಂಗರಾಯರು ಹೋಗಿ ನೂರು ವರ್ಷ. ಈಗ ಶುರು ಮಾಡಿದರೆ ಆಗ ಒಂದು ಒಳ್ಳೆಯ ಕಾರ್ಯಕ್ರಮ ಮಾಡಬಹುದು.

ಬೋವಿಕ್ಕಾನದಿಂದ:
ರಂಗರಾಯರ ಬಗ್ಗೆ ನನಗೆ ಗೌರವ ಇದೆ. ಆದರೆ ಒಂದು ಮಾತು ಹೇಳಲೇಬೇಕು. ನಮ್ಮ ಊರುಗಳಲ್ಲಿ ಸಮಾಜ ಸುಧಾರಣೆ ಅಂದ ಕೂಡಲೇ ಮೇಲಿನಿಂದ ಕೈ ಚಾಚಿದವರ ಹೆಸರು ಬರುತ್ತದೆ. ಕೆಳಗಿನಿಂದ ತಾವೇ ಎದ್ದು ನಿಂತವರ ಹೆಸರು ಎಲ್ಲಿ? ಆಗಸ್ಟ್ 28 ಹಾಕಿ. 1863ರಲ್ಲಿ ತಿರುವಿತಾಂಕೂರಿನ ದಲಿತ ನಾಯಕ ಅಯ್ಯಂಕಾಳಿ ಹುಟ್ಟಿದ ದಿನ. ದಲಿತರು ನಡೆಯಬಾರದು ಅಂದ ರಸ್ತೆಯಲ್ಲಿ 1893ರಲ್ಲಿ ಎತ್ತಿನ ಗಾಡಿ ಹೊಡೆದುಕೊಂಡು ಹೋದವರು. ಮಕ್ಕಳನ್ನು ಶಾಲೆಗೆ ಸೇರಿಸುವುದಿಲ್ಲ ಅಂದಾಗ ಗದ್ದೆಗೆ ಇಳಿಯುವುದನ್ನೇ ನಿಲ್ಲಿಸಿದವರು. ಯಾರೂ ಕೊಡಲಿಲ್ಲ, ಅವರೇ ತೆಗೆದುಕೊಂಡರು.

ಪೆರ್ಲದ ಓದುಗ:
ಆಗಸ್ಟ್ 28ಕ್ಕೆ ಇನ್ನೊಂದು ಇದೆ! 1963ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ವಾಷಿಂಗ್ಟನ್‌ನಲ್ಲಿ 'ನನಗೊಂದು ಕನಸಿದೆ' ಭಾಷಣ ಮಾಡಿದ್ದು ಅದೇ ದಿನ. ಅಯ್ಯಂಕಾಳಿ ಹುಟ್ಟಿ ಸರಿಯಾಗಿ ನೂರು ವರ್ಷಕ್ಕೆ. ಎರಡನ್ನೂ ಪಕ್ಕಪಕ್ಕ ಹಾಕಿ.

ನೀರ್ಚಾಲಿನವಳು:
ಎಷ್ಟು ಚೆಂದ! ಎರಡೂ ಪಟ್ಟಿಗೆ ಸೇರಿತು.

ಮಂಜೇಶ್ವರ ಮಾಷ್ಟ್ರು:
ಬೋವಿಕ್ಕಾನದವರ ಮಾತು ಸರಿ. ಅಯ್ಯಂಕಾಳಿ ಬೇಕೇ ಬೇಕು. ಆದರೆ ರಂಗರಾಯರನ್ನು ಬರೀ ಕೈ ಚಾಚಿದವರ ಸಾಲಿಗೆ ಸೇರಿಸಬೇಡಿ. ತನ್ನ ಹೆಣವನ್ನು ದಲಿತರೇ ಹೊರಬೇಕು, ಅವರೇ ಸಂಸ್ಕಾರ ಮಾಡಬೇಕು ಎಂದು ಹೇಳಿಟ್ಟು ಹೋದವರು ಅವರು. 1928ರಲ್ಲಿ ಆ ಜಾತಿಯ ಒಬ್ಬ ಮನುಷ್ಯ ಈ ಮಾತು ಹೇಳಬೇಕಾದರೆ ಎಷ್ಟು ಗಟ್ಟಿ ಇರಬೇಕು?

ಕುಂಬಳೆ ಕಡಲು:
ನವೆಂಬರ್ 12 ಮರೆಯಬೇಡಿ. 1936ರ ದೇವಸ್ಥಾನ ಪ್ರವೇಶದ ಘೋಷಣೆ. ಅಂದಿನಿಂದ ಕೇರಳದ ದೇವಸ್ಥಾನಗಳಿಗೆ ಎಲ್ಲರಿಗೂ ಪ್ರವೇಶ ಸಿಕ್ಕಿತು.

ತೇಜಸ್ವಿನಿ ತೀರ:
ಅಣ್ಣ, ಅದು ತಿರುವಿತಾಂಕೂರಿಗೆ ಮಾತ್ರ. ಅಲ್ಲಿನ ಮಹಾರಾಜರ ಘೋಷಣೆ. ಆಗ ನಾವು ದಕ್ಷಿಣ ಕನ್ನಡ ಜಿಲ್ಲೆ, ಮದ್ರಾಸ್ ಪ್ರಾಂತ್ಯ. ನಮ್ಮ ಕಡೆಗೆ ಕಾನೂನು ಬಂದದ್ದು 1947ರಲ್ಲಿ, ಮದ್ರಾಸ್ ಸರ್ಕಾರದ್ದು. ಹನ್ನೊಂದು ವರ್ಷ ತಡ. ಕೇರಳದ ಚರಿತ್ರೆಯ ಪಾಠದಲ್ಲಿ ತೆಂಕಿನ ಕಥೆಯನ್ನೇ ಎಲ್ಲರ ಕಥೆ ಎಂದು ಹೇಳಿಕೊಡುತ್ತಾರೆ. ಕನ್ನಡ ಮಕ್ಕಳೂ ಅದನ್ನೇ ಬಾಯಿಪಾಠ ಮಾಡುತ್ತಾರೆ.

ತಿರುವಿತಾಂಕೂರಿನ ವೈಕಂ ಹಾಕಿ, ಮಾರ್ಚ್ 30, 1924. ಅಲ್ಲಿ ಕೇಳಿದ್ದು ದೇವಸ್ಥಾನದ ಒಳಗೆ ಹೋಗುವ ಹಕ್ಕೂ ಅಲ್ಲ, ಸುತ್ತಲಿನ ರಸ್ತೆಯಲ್ಲಿ ನಡೆಯುವ ಹಕ್ಕು ಮಾತ್ರ. ಅಷ್ಟಕ್ಕೇ ಇಪ್ಪತ್ತು ತಿಂಗಳ ಸತ್ಯಾಗ್ರಹ. ಆದರೆ ನನ್ನ ಮುಖ್ಯ ಸಲಹೆ ಬೇರೆ, ಮಾರ್ಚ್ 29.

1943ರ ಮಾರ್ಚ್ 29ರಂದು ಕಣ್ಣೂರು ಜೈಲಿನಲ್ಲಿ ನಮ್ಮ ಜಿಲ್ಲೆಯ ಕಯ್ಯೂರಿನ ನಾಲ್ವರನ್ನು ಗಲ್ಲಿಗೆ ಹಾಕಿದರು. ಮಠತ್ತಿಲ್ ಅಪ್ಪು, ಕೋಯಿತ್ತಾಟಿಲ್ ಚಿರುಕಂಡನ್, ಪೊಡೋರ ಕುಞಂಬು ನಾಯರ್, ಪಳ್ಳಿಕ್ಕಲ್ ಅಬೂಬಕ್ಕರ್. ನಾಲ್ವರೂ ರೈತಸಂಘದವರು. ಗೇಣಿಯ ಶೋಷಣೆ, ಜಮೀನ್ದಾರರ ಕಾಟ, ಒಕ್ಕಲೆಬ್ಬಿಸುವುದು, ಇದರ ವಿರುದ್ಧ ನಿಂತವರು. ಐದನೆಯವನಿಗೆ ವಯಸ್ಸು ಕಡಿಮೆ ಎಂದು ಗಲ್ಲು ತಪ್ಪಿತು. ವಿಚಾರಣೆ ನಡೆದದ್ದು ಮಂಗಳೂರಿನ ಸೆಷನ್ಸ್ ಕೋರ್ಟಿನಲ್ಲಿ. ನಿರಂಜನರು ಇದರ ಮೇಲೆ ಕನ್ನಡದಲ್ಲಿ ಕಾದಂಬರಿ ಬರೆದರು. ಕಯ್ಯೂರು ಮಲಯಾಳಿಗಳದ್ದು ಮಾತ್ರ ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ಕುಂಬಳೆ ಕಡಲು:
ಕಯ್ಯೂರಿನಲ್ಲಿ ಒಬ್ಬ ಪೊಲೀಸಿನವನು ಸತ್ತಿದ್ದಾನೆ. ಅದನ್ನು ಯಾಕೆ ಹೇಳುವುದಿಲ್ಲ? ಶಾಂತಿಯ ಕ್ಯಾಲೆಂಡರಿನಲ್ಲಿ ಅದು ಹೇಗೆ ಬರುತ್ತದೆ?

ತೇಜಸ್ವಿನಿ ತೀರ:
ಹೇಳುತ್ತೇನೆ. 1941ರ ಮಾರ್ಚ್ 28. ಸುಬ್ಬರಾಯನ್ ಎಂಬ ಪೊಲೀಸಿನವನು ಮೆರವಣಿಗೆಗೆ ಎದುರಾದ. ಅದಕ್ಕೆ ಸ್ವಲ್ಪ ಮೊದಲು ಪೊಲೀಸರು ಊರಿಗೆ ನುಗ್ಗಿ ಕಾರ್ಯಕರ್ತರನ್ನು ಹೊಡೆದಿದ್ದರು. ಆ ಸಿಟ್ಟು ಜನರಲ್ಲಿತ್ತು. ಅವನ ಕೈಗೆ ಬಾವುಟ ಕೊಟ್ಟು ಮುಂದೆ ನಡೆಸಿದರು. ಅವನು ತಪ್ಪಿಸಿಕೊಂಡು ಹೊಳೆಗೆ ಹಾರಿದ. ಜನ ಕಲ್ಲು ಎಸೆದರು. ಅವನು ಮುಳುಗಿ ಸತ್ತ. ಇದಿಷ್ಟೂ ಎಲ್ಲರಿಗೂ ಗೊತ್ತಿರುವುದೇ. ಆದರೆ ಅದಕ್ಕೆ ಬದಲಾಗಿ ನಾಲ್ಕು ಜೀವ ತೆಗೆದದ್ದು ನ್ಯಾಯವಾ?

ಕುಂಬಳೆ ಕಡಲು:
ನಾನು ಗಲ್ಲು ಸರಿ ಎಂದು ಹೇಳಲಿಲ್ಲ. ಆ ಪೊಲೀಸಿನವನಿಗೂ ಅಮ್ಮ ಇದ್ದಳು. ನನ್ನ ಚಿಕ್ಕಪ್ಪ ಪೊಲೀಸಿನಲ್ಲಿದ್ದರು. ಮೇಲಿನವರು ಹೇಳಿದಲ್ಲಿಗೆ ಹೋಗಬೇಕು, ಇಲ್ಲ ಅನ್ನಲು ಆಗುವುದಿಲ್ಲ. ಸಂಬಳಕ್ಕೆ ದುಡಿಯುವ ಬಡವನನ್ನು ಬಡವರ ಮುಂದೆ ನಿಲ್ಲಿಸಿದವರು ಯಾರು ಎಂದು ಕೇಳಿ. ಅವರು ಹೊಳೆಗೂ ಬೀಳಲಿಲ್ಲ, ಗಲ್ಲಿಗೂ ಹೋಗಲಿಲ್ಲ.

ಪೆರ್ಲದ ಓದುಗ:
ಈ ಕೊನೆಯ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ.

ಅಕ್ಕಲಕೋಟೆಯಿಂದ:
ನಾನು ಮಹಾರಾಷ್ಟ್ರದ ಗಡಿಯ ಕನ್ನಡಿಗ. ನಿಮ್ಮ ಕಯ್ಯೂರಿನ ಹಾಗೆ ನಮ್ಮಲ್ಲೂ ನಾಲ್ವರು. 1930ರಲ್ಲಿ ಗಾಂಧೀಜಿ ಬಂಧನವಾದಾಗ ಸೊಲ್ಲಾಪುರ ಎದ್ದಿತು, ಮಾರ್ಶಲ್ ಲಾ ಬಂತು. ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ, ಶ್ರೀಕಿಸನ್ ಸಾರಡಾ, ನಾಲ್ವರನ್ನೂ 1931ರ ಜನವರಿ 12ರಂದು ಯೆರವಡಾ ಜೈಲಿನಲ್ಲಿ ಗಲ್ಲಿಗೇರಿಸಿದರು. ಹೆಸರು ನೋಡಿ, ಒಂದೇ ಜಾತಿ ಒಂದೇ ಮತ ಅಲ್ಲ. ಕಯ್ಯೂರಿನಲ್ಲೂ ಹಾಗೆಯೇ ಅಲ್ರೀ?

ಇನ್ನೊಂದು, ಮಾರ್ಚ್ 20, 1927. ದಲಿತರು ಮುಟ್ಟಬಾರದು ಅಂದ ಮಹಾಡಿನ ಚವದಾರ್ ಕೆರೆಯ ನೀರನ್ನು ಅಂಬೇಡ್ಕರರು ಕುಡಿದ ದಿನ. ಇದು ಎಲ್ಲರ ಪಟ್ಟಿಯಲ್ಲೂ ಮೊದಲು ಇರಬೇಕಿತ್ತು. ರೋಸಾ ಪಾರ್ಕ್ಸ್ ಬಂದರು, ಮಹಾಡ್ ಬರಲಿಲ್ಲ. ಓದಿ ಬೇಜಾರಾಯಿತು.

ನೀರ್ಚಾಲಿನವಳು:
ಮಹಾಡ್ ಖಂಡಿತ ಬರುತ್ತದೆ. ಸೊಲ್ಲಾಪುರವೂ. ಕಯ್ಯೂರಿಗೆ ಒಂದು ಕೇಳ್ವಿ: ಮಾರ್ಚ್ 28ರ ಚೌಕದಲ್ಲಿ ಸುಬ್ಬರಾಯನ್ ಹೆಸರು, 29ರಲ್ಲಿ ನಾಲ್ವರ ಹೆಸರು. ಹಾಗೆ ಹಾಕಿದರೆ?

ತೇಜಸ್ವಿನಿ ತೀರ:
ನಮ್ಮ ಕಡೆಯ ಕೆಲವರಿಗೆ ಇದು ಹಿಡಿಸುವುದಿಲ್ಲ. ಆದರೂ ನನಗೆ ಒಪ್ಪಿಗೆ. ಹಾಕಿ.

ಕುಂಬಳೆ ಕಡಲು:
ನನಗೂ.

ಪುತ್ತೂರಿನ ಅಳಿಯ:
ನಾನು ಗಡಿಯಾಚೆ ಇದ್ದೇನೆ, ಹೆಂಡತಿ ಮನೆ ಅಡೂರು. ನೀವೆಲ್ಲ ಗಲ್ಲು, ಗುಂಡು ಎಂದು ಹುಡುಕುತ್ತಿದ್ದೀರಿ. ರಕ್ತ ಹರಿಯದ ಒಂದು ದೊಡ್ಡ ದಿನ ನಿಮ್ಮಲ್ಲೇ ಇದೆ. 1970ರ ಜನವರಿ 1. ಕೇರಳದ ಭೂಸುಧಾರಣೆ ಜಾರಿಗೆ ಬಂದ ದಿನ. ಗೇಣಿ ಪದ್ಧತಿ ಅಂದಿಗೆ ಮುಗಿಯಿತು. ನಮ್ಮ ಕಡೆ ಬಂದದ್ದು 1974ರ ಮಾರ್ಚ್ 1ಕ್ಕೆ, ದೇವರಾಜ ಅರಸರ ಕಾಲದಲ್ಲಿ. ನಾಲ್ಕು ವರ್ಷ ಈ ಕಡೆಯ ಒಕ್ಕಲುಗಳು ಆ ಕಡೆ ನೋಡಿ ಆಸೆಪಟ್ಟಿದ್ದಾರೆ.

ನಮ್ಮ ಅಜ್ಜ ಚಾಲಗೇಣಿ ಒಕ್ಕಲು. ಧಣಿಗೆ ಮನಸ್ಸು ಬಂದರೆ ಬರುವ ವರ್ಷ ಜಾಗ ಇಲ್ಲ. ಹಾಗಾಗಿ ಅಡಿಕೆ ಸಸಿ ನೆಡಲು ಅವರಿಗೆ ಧೈರ್ಯ ಬರುತ್ತಿರಲಿಲ್ಲ. ಫಲ ಬರುವ ಹೊತ್ತಿಗೆ ತೋಟ ತನ್ನದಾಗಿರುತ್ತದೋ ಇಲ್ಲವೋ. ಡಿಕ್ಲರೇಶನ್ (ಗೇಣಿ ಜಾಗಕ್ಕೆ ಅರ್ಜಿ) ಕೊಟ್ಟು ಜಾಗ ಸ್ವಂತ ಆದ ಮೇಲೆ ನೆಟ್ಟ ತೋಟದ ಅಡಿಕೆಯಿಂದಲೇ ನಾನು ಓದಿದ್ದು. ಬೇರೆ ಯಾವ ದಿನಕ್ಕಿಂತಲೂ ನನಗೆ ಇದು ದೊಡ್ಡದು.

ಬೋವಿಕ್ಕಾನದಿಂದ:
ಒಳ್ಳೆಯದೇ. ಆದರೆ ಯಾರಿಗೆ ಸಿಕ್ಕಿತು ಎಂದು ನೋಡಿ. ಗೇಣಿಚೀಟು ಇದ್ದ ಒಕ್ಕಲಿಗೆ ಗದ್ದೆ ತೋಟ ಸಿಕ್ಕಿತು. ಅದೇ ಗದ್ದೆಯಲ್ಲಿ ಮೊಣಕಾಲು ಕೆಸರಿನಲ್ಲಿ ನೇಜಿ ನೆಟ್ಟವರಿಗೆ ಸಿಕ್ಕಿದ್ದು ಕುಡಿಕಿಡಪ್ಪು, ಅಂದರೆ ಗುಡಿಸಲು ಇದ್ದ ನೆಲದ ಹಕ್ಕು, ಪಂಚಾಯತಿನಲ್ಲಾದರೆ ಹತ್ತು ಸೆಂಟ್ಸ್. ಮನೆ ಕಟ್ಟಿದ ಮೇಲೆ ಹೆಣ ಹೂಳಲು ಜಾಗ ಉಳಿಯುವುದಿಲ್ಲ. ನಮ್ಮ ಕಡೆ ಅಡುಗೆಮನೆಯ ಹಿಂದೆಯೇ ಹೂಳಿದ ಮನೆಗಳಿವೆ, ನಾನು ಕಂಡಿದ್ದೇನೆ. ಜನವರಿ 1 ಹಾಕಿ, ಈ ಅರ್ಧವನ್ನೂ ಬರೆಯಿರಿ.

ಪುತ್ತೂರಿನ ಅಳಿಯ:
ಇದನ್ನು ಅಲ್ಲಗಳೆಯಲು ಆಗುವುದಿಲ್ಲ. ನಮ್ಮ ಕಡೆಯೂ ಹಾಗೆಯೇ ಆಯಿತು.

ಮಂಜೇಶ್ವರ ಮಾಷ್ಟ್ರು:
ಹಾಗಾದರೆ ಆಗಸ್ಟ್ 18 ಕೂಡ ಹಾಕಿ. ಉಡುಪಿ, ದಕ್ಷಿಣ ಕನ್ನಡದ ಕೊರಗರು ಅಂದು ಭೂಮಿ ಹಬ್ಬ ಮಾಡುತ್ತಾರೆ. ಕೊರಗರು ಮಂಜೇಶ್ವರ, ಕಾಸರಗೋಡು ತಾಲೂಕುಗಳಲ್ಲೂ ಇದ್ದಾರೆ, ಒಂದೇ ಜನ. ಭೂಮಿಗಾಗಿ ನಡೆದ ಹೋರಾಟದ ನೆನಪಿನ ಹಬ್ಬ ಅದು. ಕೊರಗರಿಂದ ಬಿಟ್ಟಿಯಾಗಿ ಹೀನ ಕೆಲಸ ಮಾಡಿಸುವ ಅಜಲು ಎಂಬ ಅವಮಾನದ ಪದ್ಧತಿ ನಿಲ್ಲಿಸಲು ಕರ್ನಾಟಕ ಕಾನೂನು ಮಾಡಿದ್ದು 2000ದಲ್ಲಿ. ಸ್ವಾತಂತ್ರ್ಯ ಬಂದು ಐವತ್ತು ವರ್ಷ ಕಳೆದ ಮೇಲೆ! ಕೊರಗರ ಡೋಲಿನ ಸದ್ದನ್ನು ಮೆಚ್ಚಿ ಮೆರವಣಿಗೆಯಲ್ಲಿ ಮುಂದೆ ನಿಲ್ಲಿಸುತ್ತೇವೆ, ಊಟದ ಪಂಕ್ತಿಯಲ್ಲಿ ಪಕ್ಕ ಕೂರಿಸಿದ್ದೇವಾ?

ಎಣ್ಮಕಜೆಯ ಮಗಳು:
ಇಷ್ಟೊಂದು ಬರೆದಿರಿ, ಎಂಡೋಸಲ್ಫಾನ್ ಇನ್ನೂ ಯಾರ ಬಾಯಿಗೂ ಬರಲಿಲ್ಲ. ನನಗೆ ಸಂಕಟ ಆಗುತ್ತದೆ.

1970ರ ದಶಕದ ಕೊನೆಯಿಂದ 2000ದವರೆಗೆ ಸರ್ಕಾರಿ ಕಾರ್ಪೊರೇಶನ್ನಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಲ್ಲಿ ಈ ಕೀಟನಾಶಕ ವಿಷ ಸಿಂಪಡಿಸಿದರು. ಟೀ ಸೊಳ್ಳೆ ಎಂಬ ಒಂದು ಕೀಟಕ್ಕಾಗಿ. ಗುಡ್ಡದ ಮೇಲೆ ತೋಟ, ಕೆಳಗೆ ನಮ್ಮ ಮನೆ, ತೋಡು, ಕುಡಿಯುವ ನೀರಿನ ಸುರಂಗ. ಗುಡ್ಡದ ಮೇಲೆ ಬಿದ್ದದ್ದು ಮಳೆಗೆ ಕೆಳಗೆ ಬರುವುದಿಲ್ಲವಾ? ಮೊದಲು ಜೇನು ಹೋಯಿತು, ಮೀನು ಸತ್ತಿತು, ಕರುಗಳು ಊನವಾಗಿ ಹುಟ್ಟಿದವು. ಆಮೇಲೆ ಮಕ್ಕಳು. ಪಡ್ರೆಯ ಡಾಕ್ಟರ್ ಮೋಹನ ಕುಮಾರ್ ತಮ್ಮಲ್ಲಿಗೆ ಬರುವ ಕಾಯಿಲೆಗಳು ಬೇರೆ ಊರಿನ ಹಾಗಿಲ್ಲ ಎಂದು ಕಂಡುಕೊಂಡರು. ಶ್ರೀಪಡ್ರೆಯವರು ಬರೆದರು. ಲೀಲಾಕುಮಾರಿ ಅಮ್ಮ ಕೋರ್ಟಿಗೆ ಹೋದರು. ಒಬ್ಬ ವೈದ್ಯ, ಒಬ್ಬ ಪತ್ರಕರ್ತ, ಕೃಷಿ ಇಲಾಖೆಯಲ್ಲೇ ಕೆಲಸ ಮಾಡುತ್ತಿದ್ದ ಒಬ್ಬ ಹೆಂಗಸು. ಇವರಿಂದ ಶುರುವಾದದ್ದು ಲೋಕದ ಕಿವಿಗೆ ಮುಟ್ಟಿತು.

2011ರ ಏಪ್ರಿಲ್ ಕೊನೆಗೆ ಜಿನೀವಾದಲ್ಲಿ ದೇಶಗಳು ಸೇರಿ ಈ ವಿಷವನ್ನು ನಿಷೇಧದ ಪಟ್ಟಿಗೆ ಹಾಕಿದವು. ನಿಷೇಧಕ್ಕೆ ಮೊದಲಿನಿಂದ ವಿರೋಧ ಮಾಡುತ್ತಿದ್ದ ನಮ್ಮ ದೇಶ ಕೊನೆಗೆ ವಿನಾಯಿತಿ ಕೇಳಿಕೊಂಡು ಒಪ್ಪಿತು. ಮೇ 13ರಂದು ಸುಪ್ರೀಂ ಕೋರ್ಟ್ ದೇಶದಲ್ಲೇ ತಡೆ ಹಾಕಿತು. ಕೇರಳದ ಒಂದು ಮೂಲೆಯ ಹನ್ನೊಂದು ಪಂಚಾಯತಿನ ದುಃಖದಿಂದ ಜಗತ್ತಿನ ಒಂದು ಒಪ್ಪಂದ ಬದಲಾಯಿತು. ಅದಕ್ಕಿಂತ ದೊಡ್ಡ ಚರಿತ್ರೆ ಬೇಕಾ ನಿಮಗೆ?

ಪೆರ್ಲದ ಓದುಗ:
ಅಕ್ಕ, ಯಾವ ದಿನ ಹಾಕೋಣ? ಜಿನೀವಾ ಏಪ್ರಿಲ್ 29. ಕೋರ್ಟ್ ಮೇ 13. 2017ರ ಜನವರಿ 10 ಕೂಡ ಇದೆ, ಸಂತ್ರಸ್ತರಿಗೆ ಮೂರು ತಿಂಗಳೊಳಗೆ ಐದೈದು ಲಕ್ಷ ಕೊಡಿ ಎಂದು ಸುಪ್ರೀಂ ಕೋರ್ಟ್ ಹೇಳಿದ ದಿನ.

ಎಣ್ಮಕಜೆಯ ಮಗಳು:
ಜನವರಿ 10ನ್ನು ಗೆದ್ದ ದಿನ ಎಂದು ಹಾಕಬೇಡಿ. ಮೂರು ತಿಂಗಳು ಅಂದದ್ದು ಐದು ವರ್ಷ ಕಳೆದರೂ ಮುಟ್ಟಲಿಲ್ಲ. ಮತ್ತೆ ಕೋರ್ಟಿಗೆ ಹೋದ ಎಂಟು ಜನರಿಗೆ ಮಾತ್ರ ಹಣ ಸಿಕ್ಕಿತ್ತು, ಉಳಿದ ಮೂರು ಸಾವಿರಕ್ಕೂ ಜಾಸ್ತಿ ಜನ ಕಾಯುತ್ತಿದ್ದರು. 2022ರ ಮೇಯಲ್ಲಿ ಸುಪ್ರೀಂ ಕೋರ್ಟೇ ಇದಕ್ಕೆ ಸರ್ಕಾರವನ್ನು ಬೈದಿತು. ಅಷ್ಟರಲ್ಲಿ ಎಷ್ಟೋ ಅಮ್ಮಂದಿರು ಮಕ್ಕಳನ್ನು ಕಳೆದುಕೊಂಡಿದ್ದರು.

ನಮ್ಮ ದೊಡ್ಡಮ್ಮನ ಮಗಳು ಹಾಸಿಗೆ ಬಿಟ್ಟು ಎದ್ದವಳಲ್ಲ. ಸಂತ್ರಸ್ತರ ಪಟ್ಟಿಗೆ ಹೆಸರು ಸೇರಿಸಲು ಅವಳನ್ನು ಎತ್ತಿಕೊಂಡು ಕ್ಯಾಂಪಿಗೆ ಹೋಗಬೇಕಿತ್ತು. ಅಲ್ಲಿ ಕೊಟ್ಟ ಫಾರ್ಮ್ ಪೂರ್ತಿ ಮಲಯಾಳದಲ್ಲಿ. ದೊಡ್ಡಮ್ಮನಿಗೆ ಓದಲು ಬರುವುದು ಕನ್ನಡ ಮಾತ್ರ. ಪಕ್ಕದಲ್ಲಿದ್ದ ಒಬ್ಬ ಹುಡುಗ ತುಂಬಿಸಿ ಕೊಟ್ಟ. ಅವನು ಇಲ್ಲದಿದ್ದರೆ ಹಾಗೇ ಮನೆಗೆ ಬರಬೇಕಿತ್ತು.

ಚಂದ್ರಗಿರಿ ಕನ್ನಡಿಗ:
ಇದೇ ಮಾತಿಗೆ ನಾನು ಕಾಯುತ್ತಿದ್ದೆ. ನವೆಂಬರ್ 1 ಯಾಕೆ ಪಟ್ಟಿಯಲ್ಲಿ ಇಲ್ಲ? 1956ರಲ್ಲಿ ನಮ್ಮನ್ನು ಕೇರಳಕ್ಕೆ ಸೇರಿಸಿದರು. ಚಂದ್ರಗಿರಿಯ ಬಡಗು ಭಾಗ ಕರ್ನಾಟಕಕ್ಕೆ ಸೇರಬೇಕು ಎಂದು, ಗಡಿ ವಿವಾದಕ್ಕೆ ಕೇಂದ್ರ ನೇಮಿಸಿದ ಮಹಾಜನ್ ಆಯೋಗ ಹೇಳಿ ಅರ್ಧ ಶತಮಾನ ದಾಟಿತು. ಅನ್ಯಾಯದ ದಿನಗಳ ಪಟ್ಟಿ ಮಾಡುವವರು ಸ್ವಂತ ಮನೆಯ ಅನ್ಯಾಯ ಬಿಡುವುದಾ?

ತೇಜಸ್ವಿನಿ ತೀರ:
ಅದು ರಾಜಕೀಯದ ಗಡಿ ಪ್ರಶ್ನೆ. ಈ ಕ್ಯಾಲೆಂಡರಿಗೆ ಅದನ್ನು ಎಳೆದು ತಂದರೆ ಗೋಡೆಗೆ ಹಾಕುವ ಮೊದಲೇ ಜಗಳ.

ಚಂದ್ರಗಿರಿ ಕನ್ನಡಿಗ:
ಗಡಿ ಬಿಡಿ. ನನ್ನ ಮಗ ಕನ್ನಡ ಮೀಡಿಯಂ. ಅವನ ಶಾಲೆಗೆ ಒಂದು ವರ್ಷ ಗಣಿತ ಕಲಿಸಲು ಬಂದವರಿಗೆ ಕನ್ನಡದ ಒಂದಕ್ಷರ ಬರುತ್ತಿರಲಿಲ್ಲ. ಮಕ್ಕಳು ಬೋರ್ಡಿನ ಲೆಕ್ಕ ನೋಡಿ ಸುಮ್ನೆ ಬರೆದುಕೊಳ್ಳುತ್ತಿದ್ದರು. ಅವನು ಗಣಿತದಲ್ಲಿ ಹಿಂದೆ ಬಿದ್ದದ್ದು ಆ ವರ್ಷದಿಂದ. ಮಗುವಿಗೆ ಪ್ರಾಥಮಿಕ ಶಿಕ್ಷಣ ತಾಯಿನುಡಿಯಲ್ಲಿ ಸಿಗುವಂತೆ ನೋಡಿಕೊಳ್ಳಬೇಕು ಎಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಇದು ಸಾಮಾಜಿಕ ನ್ಯಾಯ ಅಲ್ಲದಿದ್ದರೆ ಮತ್ತೇನು?

ಬೋವಿಕ್ಕಾನದಿಂದ:
ಈ ಮಾತಿಗೆ ನಾನು ನಿಮ್ಮ ಜೊತೆ. ನಮ್ಮ ಕಾಲನಿಯ ಮಕ್ಕಳಿಗೆ ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಆಫೀಸಿನಲ್ಲಿ ಮಲಯಾಳ. ಮೂರರ ನಡುವೆ ಮೊದಲು ಶಾಲೆ ಬಿಡುವವರು ಅವರೇ.

ಪೆರ್ಲದ ಓದುಗ:
ನವೆಂಬರ್ 1ಕ್ಕೆ ಇನ್ನೊಂದು ಇದೆ. ದೇವಸ್ಥಾನ ಪ್ರವೇಶಕ್ಕಾಗಿ ಗುರುವಾಯೂರು ಸತ್ಯಾಗ್ರಹ ಶುರುವಾದದ್ದು 1931ರ ನವೆಂಬರ್ 1ರಂದು. ಕೆ. ಕೇಳಪ್ಪನ್ ಮುಂದಾಳು, ಎ.ಕೆ. ಗೋಪಾಲನ್ ಸ್ವಯಂಸೇವಕರ ಕ್ಯಾಪ್ಟನ್. ಅದನ್ನೂ ಹಾಕಿ, ಕೆಳಗೆ ನಮ್ಮ ಭಾಷಾ ಹಕ್ಕಿನ ಒಂದು ಸಾಲನ್ನೂ ಹಾಕಿ.

ಚಂದ್ರಗಿರಿ ಕನ್ನಡಿಗ:
ಸಾಲು ಸಣ್ಣದಾಗಬಾರದು.

ನೀರ್ಚಾಲಿನವಳು:
ಸಣ್ಣದು ಮಾಡುವುದಿಲ್ಲ ಅಣ್ಣ. ನೀವೇ ಬರೆದು ಕೊಡಿ. ಯಾರನ್ನೂ ಬೈಯದೆ, ಮಗುವಿಗೆ ಸಿಗಬೇಕಾದದ್ದು ಏನು, ಸಿಗದೆ ಇರುವುದು ಏನು, ಅಷ್ಟು.

ಇಲ್ಲಿಯವರೆಗಿನದ್ದನ್ನು ಓದಿದ ಮೇಲೆ ನನ್ನ ತೀರ್ಮಾನ ಹೇಳುತ್ತೇನೆ. ಇನ್ನೂ ಮುಗಿಯದ ಲೆಕ್ಕ ಇರುವ ದಿನಗಳಿಗೆ ದೊಡ್ಡ ಚೌಕ ಕೊಡುತ್ತೇವೆ. ಹತ್ತು ಸೆಂಟ್ಸಿನವರದ್ದು, ಎಂಡೋಸಲ್ಫಾನಿನದ್ದು, ಕೊರಗರದ್ದು, ಕನ್ನಡ ಮಕ್ಕಳದ್ದು. ಹಾರ ಹಾಕಿ ಮುಗಿಸಬಹುದಾದ ದಿನಗಳಿಗೆ ಸಣ್ಣದು ಸಾಕು. ಹಿರೋಶಿಮಾ ದೊಡ್ಡದರಲ್ಲೇ ಇರುತ್ತದೆ, ಅಣುಬಾಂಬು ಇನ್ನೂ ಹೋಗಿಲ್ಲ.

ಮಂಜೇಶ್ವರ ಮಾಷ್ಟ್ರು:
ಒಳ್ಳೆಯ ಯೋಚನೆ ಮಗಳೇ. ರಂಗರಾಯರು ಯಾವುದರಲ್ಲಿ ಎಂದು ನಾನು ಕೇಳುವುದಿಲ್ಲ, ನೀನೇ ನೋಡು.

ಅಕ್ಕಲಕೋಟೆಯಿಂದ:
ಮಹಾಡ್ ದೊಡ್ಡದರಲ್ಲಿ ಇರಲಿ ಅಕ್ಕಾರೆ. ಕೆರೆ, ಬಾವಿಯ ಜಗಳ ಇನ್ನೂ ನಿಂತಿಲ್ಲ.

ಎಣ್ಮಕಜೆಯ ಮಗಳು:
ಮೇ 13 ಹಾಕಿ. ಒಂದು ವಿನಂತಿ. ಮಕ್ಕಳ ಫೋಟೋ ಬೇಡ. ಊರವರು ಅಲ್ಲದವರೂ ಬಂದು ಬಂದು ಫೋಟೋ ತೆಗೆದು, ಆ ಮಕ್ಕಳ ಮುಖ ಎಲ್ಲ ಕಡೆ ಓಡಾಡಿದೆ. ಮನೆಯವರಿಗೆ ಅದನ್ನು ಗೋಡೆಯ ಮೇಲೆ ನೋಡುವುದು ಕಷ್ಟ.

ನೀರ್ಚಾಲಿನವಳು:
ಫೋಟೋ ಇಲ್ಲ ಅಕ್ಕ, ಬರಹ ಮಾತ್ರ. ಬರೆದದ್ದನ್ನು ಪ್ರೆಸ್ಸಿಗೆ ಕೊಡುವ ಮೊದಲು ನಿಮ್ಮ ದೊಡ್ಡಮ್ಮನಿಗೆ ಓದಿ ಹೇಳಿ. ಅವರು ಬೇಡ ಅಂದದ್ದನ್ನು ತೆಗೆಯುತ್ತೇನೆ.

ಕುಂಬಳೆ ಕಡಲು:
ಪ್ರೆಸ್ಸಿನ ಖರ್ಚು ಹೇಗೆ? ನಮ್ಮ ಕಡೆಯಿಂದ ಸ್ವಲ್ಪ ಒಟ್ಟು ಮಾಡುತ್ತೇವೆ. ಕುಂಬಳೆಯ ಅಂಗಡಿಗಳಿಗೂ ಪ್ರತಿ ಬೇಕು.

ತೇಜಸ್ವಿನಿ ತೀರ:
ಹೊಸದುರ್ಗಕ್ಕೂ. ಮಲಯಾಳದಲ್ಲೂ ಒಂದು ಮಾಡುವುದಾದರೆ ಬರಹ ನಾನು ಮಾಡಿಕೊಡುತ್ತೇನೆ, ಡಿಸೆಂಬರ್ ಮೊದಲು ಕಳಿಸಿ.